ಕಡಿಮೆ ರೋಧದ ಮಾಸ್‌ಫೆಟ್ ಏಕೆ ಹೆಚ್ಚು ಬಿಸಿಯಾಯಿತು

ಮನೆಯ 230 ವೋಲ್ಟ್ ವಿದ್ಯುತ್ತಿನಿಂದ ನಡೆಯುವ, 100 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ 60 ವಾಟ್‌ನ ಫ್ಲೈಬ್ಯಾಕ್ ಪವರ್ ಸಪ್ಲೈಯೊಂದನ್ನು (ಸ್ವಿಚ್ ಆನ್ ಇದ್ದಾಗ ಟ್ರಾನ್ಸ್‌ಫಾರ್ಮರ್‌ನಲ್ಲಿ ಶಕ್ತಿ ತುಂಬಿ, ಆಫ್ ಆದಾಗ ಅದನ್ನು ಹೊರಗೆ ಕೊಡುವ ಬಗೆ) ಮೊದಲ ಬಾರಿ ಕಟ್ಟಿದಾಗ, ಆನ್ ಸ್ಥಿತಿಯ ರೋಧ ಕೇವಲ 0.1 ಓಮ್ ಇದ್ದ 650 ವೋಲ್ಟ್ ತಾಳಬಲ್ಲ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಆರಿಸಿದ್ದೆ. ರೋಧ ಕಡಿಮೆಯಾದಷ್ಟೂ ತಾಪ ಕಡಿಮೆ ಎಂದು ನಂಬಿದ್ದೆ. ಆದರೆ ಹೀಟ್‌ಸಿಂಕ್ ಬೆರಳಿಡಲಾಗದಷ್ಟು ಕಾದಿತು.

ಲೆಕ್ಕ ಹಾಕಿ ನೋಡಿದಾಗ ಕಾರಣ ತಿಳಿಯಿತು. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುರುಳಿಯಲ್ಲಿ ಹರಿಯುವ ಆರ್‌ಎಂಎಸ್ ಪ್ರವಾಹ (ತಾಪದ ಲೆಕ್ಕಕ್ಕೆ ಬರುವ ಪರಿಣಾಮಕಾರಿ ಮೌಲ್ಯ) ಸುಮಾರು 0.45 ಆಂಪಿಯರ್ ಮಾತ್ರ. ಬಿಸಿಯಾದ ಮೇಲೆ ರೋಧ ಇಮ್ಮಡಿಯಾಗಿ 0.2 ಓಮ್ ಆದರೂ ಅದರಲ್ಲಿ ನಷ್ಟವಾಗುವುದು 0.04 ವಾಟ್. ನಿಜವಾದ ನಷ್ಟವಿದ್ದದ್ದು ಸ್ವಿಚ್ ಆಗುವ ಕ್ಷಣಗಳಲ್ಲಿ. ರೋಧ ತಗ್ಗಿಸಲು ಚಿಪ್ಪಿನ ವಿಸ್ತೀರ್ಣ ಹೆಚ್ಚಿಸಬೇಕಾಗುತ್ತದೆ, ಅದರೊಂದಿಗೆ ಗೇಟ್ ಚಾರ್ಜ್ (ಆನ್-ಆಫ್ ಮಾಡುವ ಗೇಟ್ ತುದಿಗೆ ತುಂಬಿ ತೆಗೆಯಬೇಕಾದ ವಿದ್ಯುದಾವೇಶ) ಮತ್ತು ಔಟ್‌ಪುಟ್ ಕೆಪಾಸಿಟೆನ್ಸ್ (ಆಫ್ ಇದ್ದಾಗ ಚಿಪ್ಪು ತನ್ನೊಳಗೆ ವಿದ್ಯುದಾವೇಶ ಹಿಡಿದಿಡುವ ಗುಣ) ಎರಡೂ ಹೆಚ್ಚುತ್ತವೆ. ಕಂಟ್ರೋಲರ್ ಚಿಪ್ ಗೇಟಿನಿಂದ ಎಳೆಯಬಲ್ಲ ಪ್ರವಾಹಕ್ಕೆ ಮಿತಿಯಿರುವುದರಿಂದ ಅಷ್ಟು ದೊಡ್ಡ ಗೇಟ್ ನಿಧಾನವಾಗಿ ಆಫ್ ಆಗುತ್ತದೆ. 1.4 ಆಂಪಿಯರ್ ಪ್ರವಾಹ ಇಳಿಯುವುದೂ ವೋಲ್ಟೇಜ್ 500ಕ್ಕೆ ಏರುವುದೂ 60 ನ್ಯಾನೋಸೆಕೆಂಡ್ ಕಾಲ ಒಂದರ ಮೇಲೊಂದು ಬಿದ್ದರೆ, ಪ್ರತಿ ಬಾರಿ 21 ಮೈಕ್ರೋಜೌಲ್, ಅಂದರೆ ಸೆಕೆಂಡಿಗೆ ಲಕ್ಷ ಬಾರಿಗೆ 2.1 ವಾಟ್! ಔಟ್‌ಪುಟ್ ಕೆಪಾಸಿಟೆನ್ಸ್‌ನಲ್ಲಿ ಸಂಗ್ರಹವಾದ ಶಕ್ತಿಯೂ ಪ್ರತಿ ಬಾರಿ ಆನ್ ಆಗುವಾಗ ಚಿಪ್ಪಿನೊಳಗೇ ಉರಿದು ಹೋಗುತ್ತದೆ.

ಆಮೇಲೆ ಹಾಕಿದ್ದು 0.6 ಓಮ್‌ನ ಸೂಪರ್‌ಜಂಕ್ಷನ್ (ಸಣ್ಣ ಚಿಪ್ಪಿನಲ್ಲೇ ರೋಧ ತಗ್ಗಿಸುವ ರಚನೆಯ) ಮಾಸ್‌ಫೆಟ್. ಬಿಸಿಯಾದಾಗ ಅದರ ರೋಧದ ನಷ್ಟ 0.24 ವಾಟ್‌ಗೆ ಏರುತ್ತದೆ, ನಿಜ. ಆದರೆ 20 ನ್ಯಾನೋಸೆಕೆಂಡ್‌ನಲ್ಲಿ ಆಫ್ ಆಗುವುದರಿಂದ ಆ 2.1 ವಾಟ್ 0.7ಕ್ಕೆ ಇಳಿಯಿತು.

ವೋಲ್ಟೇಜ್ ವಿಷಯದಲ್ಲಂತೂ ನಾನು ಜಿಪುಣತನ ಮಾಡುವುದಿಲ್ಲ. ನಮ್ಮ ಹಳ್ಳಿಯ ಲೈನಿನಲ್ಲಿ ರಾತ್ರಿ ಹೊತ್ತು 270 ವೋಲ್ಟ್ ಬಂದದ್ದನ್ನು ನಾನೇ ಅಳೆದಿದ್ದೇನೆ; ಅದರ ಶಿಖರ 382 ವೋಲ್ಟ್. ಸೆಕೆಂಡರಿ ಸುರುಳಿಯಿಂದ ಪ್ರತಿಫಲಿಸುವ 110, ಲೀಕೇಜ್ ಇಂಡಕ್ಟೆನ್ಸ್ (ಎರಡೂ ಸುರುಳಿಗಳನ್ನು ಪೂರ್ತಿ ಬೆಸೆಯದ ಕಾಂತಕ್ಷೇತ್ರದ ಪಾಲು) ಎಬ್ಬಿಸುವ 120 ಸೇರಿದರೆ ಡ್ರೈನ್, ಅಂದರೆ ಮಾಸ್‌ಫೆಟ್‌ನ ಸುರುಳಿಗೆ ಸೇರುವ ತುದಿ, ಕಾಣುವುದು 612 ವೋಲ್ಟ್. ಇದಕ್ಕೆ 650 ವೋಲ್ಟ್‌ನ ಬಿಡಿಭಾಗ ಸಾಲದು. 800 ವೋಲ್ಟ್‌ನದನ್ನು ಆರಿಸಿ ಅದರ ಶೇಕಡಾ 80ರ ಒಳಗೆ ಇರುವುದು ನನ್ನ ನಿಯಮ.

ಇಂಡಕ್ಷನ್ ಒಲೆಯಲ್ಲಿ ಕಾಣುವ 1200 ವೋಲ್ಟ್‌ನ ಐಜಿಬಿಟಿ (ಇನ್ನೊಂದು ಬಗೆಯ ಪವರ್ ಟ್ರಾನ್ಸಿಸ್ಟರ್) ಇಲ್ಲಿಗೆ ಒಗ್ಗದು. ಆಫ್ ಮಾಡಿದ ಮೇಲೂ ಅದರಲ್ಲಿ ಬಾಲದಂತೆ ಉಳಿಯುವ ಪ್ರವಾಹ 100 ಕಿಲೋಹರ್ಟ್ಸ್‌ನಲ್ಲಿ ದುಬಾರಿಯಾಗುತ್ತದೆ. ಒಲೆ ಕೆಲಸ ಮಾಡುವುದು ಅದಕ್ಕಿಂತ ಬಹಳ ಕಡಿಮೆ ಆವರ್ತನದಲ್ಲಿ, ಅದೂ ಸ್ವಿಚ್ಚಿಂಗ್ ನಷ್ಟ ತಗ್ಗಿಸುವ ರೆಸೊನೆಂಟ್ (ಅನುರಣನದ) ಸರ್ಕ್ಯೂಟಿನಲ್ಲಿ. ಗ್ಯಾಲಿಯಂ ನೈಟ್ರೈಡ್‌ನ ಟ್ರಾನ್ಸಿಸ್ಟರ್ ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತದೆ, ಆದರೆ ಸಿಲಿಕಾನ್ ಮಾಸ್‌ಫೆಟ್‌ನಂತೆ ಅವಲಾಂಚ್ (ವೋಲ್ಟೇಜ್ ಮಿತಿ ಮೀರಿದಾಗ ಒಮ್ಮೆಲೆ ಹರಿಯುವ ಪ್ರವಾಹ) ತಡೆದುಕೊಳ್ಳುವ ಗುಣ ಅದಕ್ಕಿಲ್ಲ, ಗೇಟ್ ವೋಲ್ಟೇಜ್‌ನಲ್ಲೂ ಸಣ್ಣ ತಪ್ಪನ್ನೇ ಸಹಿಸದು. ಸಾವಿರ ವೋಲ್ಟ್ ದಾಟುವ ಕೆಲಸಗಳಿಗೆ ಸಿಲಿಕಾನ್ ಕಾರ್ಬೈಡ್‌ನ ಮಾಸ್‌ಫೆಟ್ ನನ್ನ ಆಯ್ಕೆ. ಅದರ ಗೇಟಿಗೆ ಸಾಮಾನ್ಯವಾಗಿ 15ರಿಂದ 20 ವೋಲ್ಟ್ ಬೇಕು ಎಂಬುದನ್ನು ಮರೆತು 10 ವೋಲ್ಟ್ ಕೊಟ್ಟರೆ ಅದು ಪೂರ್ಣವಾಗಿ ಆನ್ ಆಗದೆ ಸುಡುತ್ತದೆ.

ಹೊಸ ಬಿಡಿಭಾಗವನ್ನು ಬೆಸುಗೆ ಹಾಕಿದ ಮೇಲೆ, ವೋಲ್ಟೇಜನ್ನು ನೂರರಲ್ಲೊಂದು ಪಾಲಿಗೆ ಇಳಿಸುವ 100:1ರ ಪ್ರೋಬ್ ಹಿಡಿದು, ಪೂರ್ಣ ಲೋಡಿನಲ್ಲಿ ಸ್ವಿಚ್ ಒತ್ತಿದ ಮೊದಲ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಡ್ರೈನ್‌ನ ಶಿಖರ ಎಲ್ಲಿಗೆ ಮುಟ್ಟುತ್ತದೆ ಎಂದು ಆಸಿಲೋಸ್ಕೋಪ್‌ನಲ್ಲಿ ನೋಡದೆ ನಾನು ಡಬ್ಬಿ ಮುಚ್ಚುವುದಿಲ್ಲ.