ಒಂದು ವಾರದ ಬಂದ್, ಪೈಪಿನಲ್ಲೇ ಉಳಿದ ಒಂದು ಲೀಟರ್

ಕೊರೊನಾ ಕಾರಣಕ್ಕೆ 2020ರ ಮಾರ್ಚ್ 14ರಿಂದ ಪಬ್ಬು, ಮಾಲು, ಥಿಯೇಟರು ಒಂದು ವಾರ ಬಂದ್ ಅಂತ ಸರ್ಕಾರ ಹೇಳಿತು. ಮೈಸೂರಿನ ಹುಣಸೂರು ರಸ್ತೆಯ ನಮ್ಮ ಬಾರಿನಲ್ಲಿ ತಪ್ಪು ನಡೆದದ್ದು ಆವತ್ತೇ. ಗೊತ್ತಾಗಿದ್ದು ಮಾತ್ರ ಸೆಪ್ಟೆಂಬರ್ 1ರ ಸಂಜೆ ಏಳೂವರೆಗೆ, ಜನರೆಲ್ಲ ಬಂದು ಕೂತ ಮೇಲೆ.

ಒಂದು ವಾರ ತಾನೇ ಅಂತ ಟ್ಯಾಪ್ ಮುಚ್ಚಿ, ಗ್ಯಾಸ್ ಆಫ್ ಮಾಡಿ, ಶಟರ್ ಎಳೆದಿದ್ದೆವು. ಕೆಗ್, ಅಂದರೆ ಬಿಯರ್ ಡ್ರಮ್ಮಿನಿಂದ ಟ್ಯಾಪಿಗೆ ಬಿಯರ್ ತರುವ ಪೈಪಿಗೆ ಲೈನ್ ಅನ್ನುತ್ತೇವೆ, ಅದನ್ನು ಖಾಲಿ ಮಾಡಲಿಲ್ಲ. ಕೋಲ್ಡ್ ರೂಮಿನಿಂದ ಕೌಂಟರಿಗೆ 12 ಮೀಟರ್ ಪೈಪು, ಒಳವ್ಯಾಸ 10 ಮಿ.ಮೀ. ಅಂದರೆ ಒಂದೊಂದು ಲೈನಿನಲ್ಲೂ ಹತ್ತಿರ ಹತ್ತಿರ ಒಂದು ಲೀಟರ್ ಬಿಯರ್. ಜನತಾ ಕರ್ಫ್ಯೂ ಬಂತು, ಲಾಕ್‌ಡೌನ್ ಬಂತು, ಕರೆಂಟ್ ಬಿಲ್ ಉಳಿಸೋಕೆ ಚಿಲ್ಲರ್ ಕೂಡ ಆಫ್ ಆಯಿತು. ಆ ಒಂದು ಲೀಟರ್ ಐದೂವರೆ ತಿಂಗಳು ಅಲ್ಲೇ ಕೂತಿತ್ತು.

ಮಧ್ಯೆ ಒಂದು ಅವಕಾಶ ಸಿಕ್ಕಿತ್ತು. ಮೇ 4ಕ್ಕೆ ವೈನ್ ಸ್ಟೋರು, ಎಂಎಸ್‌ಐಎಲ್ ತೆರೆದವು. 9ರಿಂದ 17ರವರೆಗೆ ಬಾರಿನವರೂ ಇರುವ ಸ್ಟಾಕನ್ನು ಎಂಆರ್‌ಪಿಗೆ ಪಾರ್ಸೆಲ್ ಕೊಡಬಹುದು ಅಂದರು. ಬಾಟಲಿ ಬಿಯರಿಗೆ ಹೆಚ್ಚೆಂದರೆ ಆರು ತಿಂಗಳು ಆಯಸ್ಸು, ಹಾಗಾಗಿ ಎಲ್ಲರ ಗಮನ ಬಾಟಲಿ ಮೇಲೆ. ಕೆಗ್ ಪಾರ್ಸೆಲ್ ಮಾಡೋಕಾಗಲ್ಲ, ಅವಧಿ ಮುಗಿದದ್ದನ್ನು ಅಬಕಾರಿಯವರ ಎದುರು ಚರಂಡಿಗೆ ಸುರಿದು ಲೆಕ್ಕ ಬರೆಸಬೇಕು. ಅದನ್ನೂ ಮಾಡಿದೆವು. ಕೆಗ್ಗಿನ ಬಾಯಿಗೆ ಲೈನ್ ಜೋಡಿಸುವ ಕಪ್ಲರನ್ನು ಕೈಯಾರೆ ಬಿಚ್ಚಿದವರಿಗೇ ಅದರ ಹಿಂದಿನ ಪೈಪಿನ ನೆನಪಾಗಲಿಲ್ಲ.

ಆಗೆಲ್ಲ ಟಿವಿಯಲ್ಲಿ, ಟೀ ಅಂಗಡಿಯಲ್ಲಿ ಒಂದೇ ಜಗಳ: ಬಾರ್ ತೆಗೀಬೇಕೋ, ಬೇಡವೋ. ದೇವಸ್ಥಾನಕ್ಕೆ ಜೂನ್ 8ಕ್ಕೇ ಬಾಗಿಲು ತೆಗೆದಿರಿ, ಅದೇ ದಿನ ಹೋಟೆಲಿನಲ್ಲಿ ಕೂತು ತಿನ್ನಬಹುದು ಅಂದಿರಿ, ಕೂತು ಕುಡಿದರೆ ಮಾತ್ರ ರೋಗವೇ ಅನ್ನೋದು ಮಾಲೀಕರ ವಾದ. ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಬೀಗ ಹಾಕಿದ ಅಂಗಡಿಗೂ ಲೈಸೆನ್ಸ್ ನವೀಕರಣದ ಚಿಂತೆ ತಪ್ಪಿದ್ದಲ್ಲ. ಸಪ್ಲೈ ಹುಡುಗರು ಎಚ್.ಡಿ. ಕೋಟೆ, ಕೆ.ಆರ್. ಪೇಟೆ ಕಡೆ ಊರು ಸೇರಿದ್ದರು. ವಿರೋಧಿಸಿದವರ ಮಾತೂ ಸುಳ್ಳಲ್ಲ. ಎರಡು ಪೆಗ್ ಒಳಗೆ ಹೋದ ಮೇಲೆ ಆರು ಅಡಿ ಅಂತರ ಯಾರಿಗೂ ನೆನಪಿರಲ್ಲ, ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ತೆರೆಯೋದು ಅಂದರೆ ಬೀಗ ತೆಗೆಯೋದು ಅಂತ ಅವರೂ ಅಂದುಕೊಂಡಿದ್ದರು, ನಾವೂ ಅಂದುಕೊಂಡಿದ್ದೆವು.

ಸೆಪ್ಟೆಂಬರ್ 1ರಿಂದ ಶೇ 50 ಆಸನಕ್ಕೆ ಅನುಮತಿ. ನಮ್ಮಲ್ಲಿ 24 ಟೇಬಲ್, 96 ಕುರ್ಚಿ. ಮ್ಯಾನೇಜ್‌ಮೆಂಟಿನ ಪೂರ್ತಿ ಶ್ರದ್ಧೆ ನೆಲದ ಮೇಲಿನ ಹಳದಿ ಪಟ್ಟಿ, ಸ್ಯಾನಿಟೈಸರ್ ಸ್ಟ್ಯಾಂಡ್, ಜ್ವರ ನೋಡುವ ಗನ್ನಿನ ಮೇಲೆ. ಒಂದು ಬಿಟ್ಟು ಒಂದು ಕುರ್ಚಿಗೆ ಕೆಂಪು ಟೇಪಿನ ಇಂಟು ಗುರುತು. ಲೈನಿಗೆ ಒಂದು ರೌಂಡ್ ಕಾಸ್ಟಿಕ್ ಸೋಡಾ ನೀರು ಬಿಟ್ಟು, ನೀರು ಹಾಯಿಸಿ, ವಾಸನೆ ಹೋಯಿತು, ಆಯಿತು ಅಂದೆವು.

ಏಳೂವರೆಗೆ ಮೊದಲ ಜಗ್ ಹಿಡಿದರೆ ಮುಕ್ಕಾಲು ಭಾಗ ನೊರೆ. ಎರಡನೆಯದೂ ಹಾಗೆಯೇ. ಗ್ಯಾಸ್ ಜಾಸ್ತಿ ಆಗಿದೆ ಅಂತ ರೆಗ್ಯುಲೇಟರಿನ ಒತ್ತಡವನ್ನು 0.8 ಬಾರ್‌ನಿಂದ 0.5ಕ್ಕೆ ಇಳಿಸಿದೆವು. ಇದು ಎರಡನೇ ತಪ್ಪು. ಒತ್ತಡ ಇಳಿದರೆ ಬಿಯರಿನೊಳಗೆ ಕರಗಿದ್ದ ಗ್ಯಾಸು ಪೈಪಿನಲ್ಲೇ ಬಿಟ್ಟುಕೊಳ್ಳುತ್ತದೆ, ನೊರೆ ಇನ್ನೂ ಏರುತ್ತದೆ. ಆಮೇಲೆ ಕೆಗ್ ಬದಲಿಸಿದೆವು. ಕೋಲ್ಡ್ ರೂಮ್ 4 ಡಿಗ್ರಿ, ಸರಿಯಾಗಿಯೇ ಇತ್ತು. ಗ್ಲಾಸ್ ತಣ್ಣೀರಿನಲ್ಲಿ ಅದ್ದಿ ಹಿಡಿದೆವು, ಉಪಯೋಗವಿಲ್ಲ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಐದೂವರೆ ತಿಂಗಳು ಕಾದವರು ಕೂತಲ್ಲೇ ಇನ್ನೂ ಕಾಯುತ್ತಾರೆಯೇ? ಒಬ್ಬೊಬ್ಬರಾಗಿ ಎದ್ದು ಕೌಂಟರಿಗೆ ಬಂದು 'ಏನ್ ಅಣ್ಣಾ, ಸೋಪಿನ ನೀರ್ ಕೊಡ್ತಿದೀರಾ' ಅಂತ ನಗಲು ಶುರು ಮಾಡಿದರು.

ತಪಾಸಣೆಗೆ ಇಬ್ಬರು ಬಂದದ್ದು ಸರಿಯಾಗಿ ಆಗ. ರಿಜಿಸ್ಟರಿನಲ್ಲಿ 41 ಜನ, ಮಿತಿ 48, ಲೆಕ್ಕ ಪಕ್ಕಾ. ಆದರೆ ಆ 41ರಲ್ಲಿ 19 ಜನ ಕೌಂಟರಿನ ಮುಂದೆ ಭುಜಕ್ಕೆ ಭುಜ ತಾಗಿಸಿ, ಮಾಸ್ಕು ಗದ್ದಕ್ಕೆ ಇಳಿಸಿ ನಿಂತಿದ್ದಾರೆ. ಇಂಟು ಗುರುತಿನ ಕುರ್ಚಿಗಳೆಲ್ಲ ಎಳೆದಾಡಿ ಒಂದು ಟೇಬಲ್ಲಿಗೆ ಏಳು ಆಗಿವೆ. ತಪಾಸಣೆಯವರು ರಿಜಿಸ್ಟರ್ ನೋಡಲೇ ಇಲ್ಲ, ಮೊಬೈಲಿನಲ್ಲಿ ಫೋಟೊ ತೆಗೆದರು. ಸಪ್ಲೈ ಹುಡುಗರ ಮೇಲಿನ ಕ್ಯಾಪ್ಟನ್ ಮುಖ ನೋಡುವ ಹಾಗಿರಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು. ಡ್ರಾಟ್, ಅಂದರೆ ಟ್ಯಾಪಿನ ಬಿಯರ್ ನಿಲ್ಲಿಸಿ ಬಾಟಲಿಗೆ ಹೋದ ಮೇಲೆ ಹತ್ತು ನಿಮಿಷದಲ್ಲಿ ಕೌಂಟರ್ ಖಾಲಿ.

ರಾತ್ರಿ ಟ್ಯಾಪ್ ಬಿಚ್ಚಿದಾಗ ಒಳಗೆ ಕಂದು ಲೋಳೆ, ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟುತ್ತಿತ್ತು. ಅದನ್ನು ಒರೆಸಿದರೆ ಕೆಳಗೆ ಮರಳು ಕಾಗದದಂಥ ಒರಟು ಪದರ. ಅದು ಬಿಯರ್ ಕಲ್ಲು, ಕ್ಯಾಲ್ಸಿಯಂ ಆಕ್ಸಲೇಟ್. ಕಾಸ್ಟಿಕ್ ಲೋಳೆಯನ್ನು ತೆಗೆಯುತ್ತದೆ, ಕಲ್ಲನ್ನು ಮುಟ್ಟುವುದಿಲ್ಲ. ಆ ಒರಟಿಗೆ ತಾಗಿದಲ್ಲೆಲ್ಲ ಗ್ಯಾಸು ಗುಳ್ಳೆಯಾಗಿ ಏಳುತ್ತದೆ, ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಅಷ್ಟೇ. ಕಪ್ಲರಿನ ವಾಶರ್ ಬೇರೆ ಒಣಗಿ ಸೀಳಿತ್ತು.

ತಿಂಗಳುಗಟ್ಟಲೆ ನಿಂತ ಲೈನಿಗೆ ಕ್ರಮ ಬೇರೆಯೇ. ಶೇ 2ರ ಕಾಸ್ಟಿಕ್, ನೀರು ಉಗುರುಬೆಚ್ಚಗೆ, 40 ಡಿಗ್ರಿ ದಾಟಬಾರದು. ಕಾಸ್ಟಿಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿದರೆ ಮುಖಕ್ಕೇ ಸಿಡಿಯುತ್ತದೆ. ಗ್ಲೌಸು, ಕನ್ನಡಕ ಇಲ್ಲದೆ ಮುಟ್ಟಲೇಬಾರದು. ಪಂಪ್ ಹಾಕಿ 15 ನಿಮಿಷ ಸುತ್ತಿಸಬೇಕು, ಬಿಟ್ಟು ಬರುವುದಲ್ಲ. ಪಿಎಚ್ ಪಟ್ಟಿ ನಲ್ಲಿ ನೀರಿನ ಬಣ್ಣವನ್ನೇ ತೋರಿಸುವವರೆಗೆ ತೊಳೆದು, ಆಮೇಲೆ ಆಸಿಡ್ ಕ್ಲೀನರ್. ಎರಡನ್ನೂ ಬೆರೆಸುವ ಹಾಗಿಲ್ಲ. ಮತ್ತೆ ನೀರು. ಟ್ಯಾಪು, ಕಪ್ಲರು ಬಿಚ್ಚಿ ಬ್ರಶ್ಶಿನಿಂದ ಉಜ್ಜಿ, ವಾಶರ್ ಹೊಸದು. ನಮ್ಮ ಪೈಪಿನ ಕಲ್ಲು ಅಷ್ಟಕ್ಕೂ ಬಗ್ಗಲಿಲ್ಲ, 12 ಮೀಟರ್ ಕಿತ್ತು ಬದಲಿಸಿದ್ದೇ ಅಗ್ಗವಾಯಿತು.

ಕುರ್ಚಿ ವಿಷಯ ಇಷ್ಟೇ: ಗುರುತು ಹಾಕಬೇಡಿ, ಗೋಡೌನಿಗೆ ಎತ್ತಿಡಿ. 12 ಟೇಬಲ್, ನಾಲ್ಕು ನಾಲ್ಕು ಕುರ್ಚಿ, ಮಿಕ್ಕಿದ್ದು ಕಣ್ಣಿಗೇ ಬೀಳಬಾರದು. ಆರ್ಡರು, ಬಿಲ್ಲು ಎರಡೂ ಟೇಬಲ್ಲಿನಲ್ಲೇ. ಎಸಿ 24ರಿಂದ 30 ಡಿಗ್ರಿ ಅಂತ ಕೇಂದ್ರದ ನಿಯಮವಿತ್ತು, ಅದಕ್ಕಿಂತ ಕಿಟಕಿ ತೆಗೆದದ್ದೇ ವಾಸಿ. ಸ್ಪೀಕರ್ ಬಂದ್. ಹಾಡು ಜೋರಾದರೆ ಜನ ಕಿವಿಗೆ ಬಾಯಿಟ್ಟು ಕೂಗುತ್ತಾರೆ, ಕೂಗಿದಷ್ಟೂ ಬಾಯಿಂದ ಹನಿ ಜಾಸ್ತಿ. ಇದನ್ನು ಒಪ್ಪಿಸಲು ಮಾಲೀಕರ ಜೊತೆ ಎರಡು ದಿನ ಗುದ್ದಾಟ.

2021ರ ಏಪ್ರಿಲ್‌ನಲ್ಲಿ 14 ದಿನದ ಬಂದ್ ಅಂದಾಗ ಲೈನ್ ಖಾಲಿ ಮಾಡಿ, ತೊಳೆದು, ಗ್ಯಾಸಿನಿಂದ ಒಣಗಿಸಿ, ವಾಶರ್ ಬಿಚ್ಚಿ ಡಬ್ಬಿಗೆ ಹಾಕಿದೆವು. 'ಹದಿನಾಲ್ಕು ದಿನಕ್ಕೆ ಇಷ್ಟೆಲ್ಲ ಯಾಕ್ರೀ' ಅಂತ ಮೇಲಿನಿಂದ ಫೋನ್. ಪಾಸಿಟಿವಿಟಿ ಇಳಿಯದೆ ಮೈಸೂರಿಗೆ ಜೂನ್ 21ರ ಸಡಿಲಿಕೆಯೂ ಸಿಗಲಿಲ್ಲ. ಜುಲೈ 5ಕ್ಕೆ ಹೊಸ ಆದೇಶ: ಬಾರ್ ತೆರೆಯಬಹುದು, ಪಬ್ ಕೂಡದು. ನಮ್ಮದು ಲೈಸೆನ್ಸಿನಲ್ಲಿ ಸಿಎಲ್-9, ಅಂದರೆ ಬಾರ್; ಬೋರ್ಡಿನಲ್ಲಿ ಪಬ್. ನೊರೆ ಸರಿಯಾಗಿಯೇ ಬರುತ್ತಿತ್ತು, ಬೆಳಿಗ್ಗೆ ಪೇಂಟರ್ ಬಂದು ಬೋರ್ಡಿನ ಆ ಎರಡಕ್ಷರ ಅಳಿಸುವವರೆಗೆ ಶಟರ್ ಎತ್ತುವ ಹಾಗಿರಲಿಲ್ಲ.