ಸಂವಿಧಾನದ ಪುಸ್ತಕವೇ ಇಲ್ಲದ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಏನನ್ನು ನೋಡಿ ತೀರ್ಪು ಕೊಡುತ್ತಾರೆ?

ಕಾನೂನು ಪಾಠ ಮಾಡುವ ನನಗೆ ಈ ಪ್ರಶ್ನೆ ಪ್ರತಿ ವರ್ಷವೂ ಎದುರಾಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳು ಕೇಳುತ್ತಾರೆ. ಮಕ್ಕಳನ್ನು ಓದಲು ಲಂಡನ್ನಿಗೆ ಕಳಿಸಿದ ನೆಂಟರೂ ಕೇಳುತ್ತಾರೆ. "ನಮಗಾದರೆ ಸಂವಿಧಾನ ಇದೆ. ಅವರಿಗೆ ಅಂಥ ಪುಸ್ತಕವೇ ಇಲ್ಲವಂತೆ. ಹಾಗಾದರೆ ಅಲ್ಲಿನ ಜಡ್ಜ್ ತನಗೆ ತೋಚಿದ್ದನ್ನು ಹೇಳಿಬಿಡ್ತಾರಾ?"

ಇಲ್ಲ, ಹಾಗೆ ಹೇಳುವಂತಿಲ್ಲ. ನ್ಯಾಯಾಧೀಶರ ಕೈಯನ್ನು ಅಲ್ಲಿ ಎರಡು ಕಡೆಯಿಂದ ಕಟ್ಟಿದೆ. ಒಂದು, ಪಾರ್ಲಿಮೆಂಟ್ ಮಾಡಿದ ಕಾಯ್ದೆ. ಇನ್ನೊಂದು, ಹಿಂದಿನ ನ್ಯಾಯಾಧೀಶರು ಕಾರಣ ಸಮೇತ ಬರೆದಿಟ್ಟ ತೀರ್ಪು. ಈ ಎರಡು ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತಾದರೆ ಇಂಗ್ಲಿಷ್ ಕಾನೂನಿನ ಮುಖ್ಯ ತತ್ವಗಳು ಹೆಚ್ಚು ಕಡಿಮೆ ಗೊತ್ತಾದ ಹಾಗೆ.

ಬರೆದ ಸಂವಿಧಾನ ಇಲ್ಲ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಬರೆದದ್ದು ಬೇಕಾದಷ್ಟಿದೆ. 1215ರ ಮ್ಯಾಗ್ನಾ ಕಾರ್ಟಾ ಇದೆ, 1689ರ ಹಕ್ಕುಗಳ ಕಾಯ್ದೆ ಇದೆ. ರಾಜ ತನಗೆ ಬೇಡವಾದ ನ್ಯಾಯಾಧೀಶರನ್ನು ಕಿತ್ತುಹಾಕದಂತೆ ತಡೆದ 1701ರ ಕಾಯ್ದೆ ಇದೆ, 1998ರ ಮಾನವ ಹಕ್ಕುಗಳ ಕಾಯ್ದೆ ಇದೆ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಬಂದವು, ಒಂದೇ ಪುಸ್ತಕದಲ್ಲಿ ಸೇರಲಿಲ್ಲ, ಅಷ್ಟೇ. ಇಂಗ್ಲಿಷ್ ಕಾನೂನು ಅಂದಾಗ ಅದು ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು ಅನ್ನುವುದೂ ನೆನಪಿರಲಿ. ಸ್ಕಾಟ್ಲೆಂಡಿಗೆ ಅದರದೇ ಕಾನೂನು, ಅದರದೇ ಕೋರ್ಟುಗಳಿವೆ.

ತೀರ್ಪುಗಳ ಕಥೆ ಶುರುವಾಗುವುದು 12ನೇ ಶತಮಾನದಲ್ಲಿ. 1154ರಲ್ಲಿ ಎರಡನೇ ಹೆನ್ರಿ ಪಟ್ಟಕ್ಕೆ ಬಂದಾಗ ಒಂದೊಂದು ಸೀಮೆಗೆ ಒಂದೊಂದು ಪದ್ಧತಿ ಇತ್ತು. ಹೆನ್ರಿ ತನ್ನ ನ್ಯಾಯಾಧೀಶರನ್ನು ಊರೂರಿಗೆ ಕಳಿಸಿ ವ್ಯಾಜ್ಯ ತೀರಿಸುವ ಏರ್ಪಾಡು ಮಾಡಿದ. ಅವರೆಲ್ಲ ರಾಜನ ಹೆಸರಿನಲ್ಲಿ, ಒಂದೇ ರೀತಿಯಲ್ಲಿ ತೀರ್ಮಾನ ಮಾಡುತ್ತಾ ಹೋದಂತೆ ಇಡೀ ರಾಜ್ಯಕ್ಕೆ ಒಂದೇ ಕಾನೂನು ಬೆಳೆಯಿತು. ಅದೇ ಕಾಮನ್ ಲಾ.

ಅದರ ನಿಯಮ ಸರಳವಾಗಿದೆ. ಮೇಲಿನ ಕೋರ್ಟು ಕಾನೂನಿನ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಕೆಳಗಿನ ಕೋರ್ಟುಗಳು ಅದನ್ನು ಪಾಲಿಸಲೇಬೇಕು. ನಮ್ಮ ಕೋರ್ಟುಗಳಲ್ಲೂ ವಕೀಲರು ಹಳೆಯ ತೀರ್ಪುಗಳ ಸೈಟೇಷನ್ ಕೊಟ್ಟು ವಾದ ಮಾಡುತ್ತಾರಲ್ಲ, ಆ ರೂಢಿ ಬಂದದ್ದು ಅಲ್ಲಿಂದಲೇ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಎಲ್ಲ ಕೋರ್ಟುಗಳಿಗೂ ಅನ್ವಯ ಎಂದು ನಮ್ಮ ಸಂವಿಧಾನದ 141ನೇ ವಿಧಿ ಬರೆದೇ ಹೇಳುತ್ತದೆ. ಆದರೆ ತೀರ್ಪಿನ ಪ್ರತಿ ಸಾಲನ್ನೂ ಪಾಲಿಸಬೇಕಿಲ್ಲ. ಆ ಕೇಸು ತೀರ್ಮಾನ ಆಗಲು ಯಾವ ಕಾರಣ ಬೇಕೇ ಬೇಕಾಗಿತ್ತೋ, ಅದಕ್ಕೆ ಮಾತ್ರ ಆ ಬಲ. ಮಿಕ್ಕದ್ದನ್ನು ಗೌರವದಿಂದ ಓದುತ್ತಾರೆ, ಬಿಡಲೂಬಹುದು. ಹಾಗಾಗಿ ಹಿಂದಿನ ಕೇಸಿಗೂ ಈಗಿನ ಕೇಸಿಗೂ ಎಷ್ಟು ಹೋಲಿಕೆ ಇದೆ ಎಂಬುದರ ಮೇಲೆಯೇ ವಾದದ ದೊಡ್ಡ ಪಾಲು ನಡೆಯುತ್ತದೆ.

ಒಂದು ಕೇಸು ಹೇಳುತ್ತೇನೆ. ನಾನು ಪಾಠ ಮಾಡುವಾಗ ಯಾವತ್ತೂ ಅವಸರ ಮಾಡದ ಕೇಸು ಇದು. 1928ರ ಆಗಸ್ಟ್, ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರು. ಮೇ ಡೊನಹ್ಯೂ ಎಂಬ ಬಡ ಹೆಂಗಸು ಒಂದು ಕೆಫೆಗೆ ಹೋಗಿದ್ದರು. ಜೊತೆಗಿದ್ದವರು ದುಡ್ಡು ಕೊಟ್ಟು ಜಿಂಜರ್ ಬಿಯರ್ ಕೊಡಿಸಿದರು. ಬಾಟಲಿಯ ಗಾಜು ಕಪ್ಪಾಗಿತ್ತು, ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಸ್ವಲ್ಪ ಕುಡಿದಾದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಗೆ ಬಿತ್ತು ಎಂಬುದು ಅವರ ದೂರು. ಅವರಿಗೆ ಹೊಟ್ಟೆ ಕೆಟ್ಟು ಕಾಯಿಲೆಯಾಯಿತು.

ಪರಿಹಾರ ಕೇಳುವುದು ಯಾರನ್ನು? ಕೆಫೆಯವನು ಮಾರಿದ್ದು ಜೊತೆಗಿದ್ದವರಿಗೆ, ಇವರಿಗಲ್ಲ. ಬಾಟಲಿ ತುಂಬಿದ ಸ್ಟೀವನ್‌ಸನ್ ಜೊತೆಗಂತೂ ಇವರಿಗೆ ಯಾವ ಕರಾರೂ ಇರಲಿಲ್ಲ. ಕರಾರು ಇಲ್ಲದಿದ್ದರೆ ಹೊಣೆಯೂ ಇಲ್ಲ ಅನ್ನುವುದು ಆಗಿನ ಸಾಮಾನ್ಯ ತಿಳಿವಳಿಕೆ. ಇವರು ದಾವೆ ಹೂಡುವ ಕೆಲವೇ ವಾರಗಳ ಮುಂಚೆ, ಬಾಟಲಿಯಲ್ಲಿ ಸತ್ತ ಇಲಿ ಸಿಕ್ಕಿದ ಇಂಥದ್ದೇ ಕೇಸನ್ನು ಸ್ಕಾಟ್ಲೆಂಡಿನ ಕೋರ್ಟು ತಳ್ಳಿಹಾಕಿತ್ತು. ಆ ಕೇಸು ಸೋತ ವಕೀಲ ಲೀಚ್‌ಮನ್ ಅವರೇ ಡೊನಹ್ಯೂ ಪರವಾಗಿಯೂ ದಾವೆ ಹೂಡಿದರು. ಕೊನೆಗೆ ಕೇಸು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತಲುಪಿತು. ಆಗ ಅದೇ ಅತ್ಯುನ್ನತ ಕೋರ್ಟು. ಈಗಿನ ಸುಪ್ರೀಂ ಕೋರ್ಟ್ ಶುರುವಾದದ್ದು 2009ರಲ್ಲಿ. ಸೋತರೆ ಖರ್ಚು ಕಟ್ಟುವ ಶಕ್ತಿ ತನಗಿಲ್ಲ, ತಾನು ನಿರ್ಗತಿಕಳು ಎಂದು ಡೊನಹ್ಯೂ ಅರ್ಜಿ ಕೊಡಬೇಕಾಯಿತು.

1932ರ ಮೇ 26ರಂದು ಮೂವರು ನ್ಯಾಯಾಧೀಶರು ಅವರ ಪರವಾಗಿ, ಇಬ್ಬರು ವಿರುದ್ಧವಾಗಿ ತೀರ್ಪು ಕೊಟ್ಟರು. ಲಾರ್ಡ್ ಆಟ್ಕಿನ್ ಬರೆದದ್ದರ ಸಾರ ಇಷ್ಟು: ನಿಮ್ಮ ಕೆಲಸದಿಂದ ಯಾರಿಗೆ ನೇರವಾಗಿ ಹಾನಿಯಾಗಬಹುದು ಎಂದು ನೀವು ಮೊದಲೇ ಊಹಿಸಬಹುದೋ, ಅವರೇ ಕಾನೂನಿನ ಕಣ್ಣಿನಲ್ಲಿ ನಿಮ್ಮ ನೆರೆಯವರು. ಅವರ ಬಗ್ಗೆ ನೀವು ಎಚ್ಚರ ವಹಿಸಬೇಕು. ಕರಾರು ಇರಲಿ, ಇಲ್ಲದಿರಲಿ. ಸ್ಕಾಟ್ಲೆಂಡಿನ ಕೇಸಾದರೂ ಈ ವಿಷಯದಲ್ಲಿ ಎರಡೂ ಕಡೆ ಕಾನೂನು ಒಂದೇ ಎಂದು ಪರಿಗಣಿಸಿದ್ದರಿಂದ ಇಂಗ್ಲೆಂಡಿಗೂ ಅದೇ ಅಡಿಪಾಯವಾಯಿತು. ಭಾರತದ ಕೋರ್ಟುಗಳೂ ಅದನ್ನು ಎಷ್ಟೋ ಸಲ ಉಲ್ಲೇಖಿಸಿವೆ.

ಬಾಟಲಿಯಲ್ಲಿ ಹುಳು ನಿಜಕ್ಕೂ ಇತ್ತೇ? ಅದು ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ. ಆಕೆ ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೆ ಪರಿಹಾರ ಕೇಳುವ ಹಕ್ಕು ಇದೆಯೇ ಎಂಬುದಷ್ಟೇ ಲಾರ್ಡ್ಸ್ ಮುಂದಿದ್ದ ಪ್ರಶ್ನೆ. ಆಮೇಲೆ ಸಾಕ್ಷಿ ವಿಚಾರಣೆ ನಡೆಯುವ ಮೊದಲೇ ರಾಜಿಯಾಯಿತು. ಪಾರ್ಲಿಮೆಂಟ್ ಒಂದು ಸಾಲನ್ನೂ ಬರೆಯದೆ, ಒಬ್ಬ ಬಡ ಹೆಂಗಸಿನ ದಾವೆಯಿಂದ ಕಾನೂನಿನ ಒಂದು ಇಡೀ ಶಾಖೆ ಬೆಳೆಯಿತು. ಇದಕ್ಕೇ ನನಗೆ ಈ ಪದ್ಧತಿಯ ಮೇಲೆ ಇಷ್ಟೊಂದು ಪ್ರೀತಿ.

ಎರಡನೇ ತತ್ವ ಅಧಿಕಾರದಲ್ಲಿ ಇರುವವರ ಬಗ್ಗೆ. 1762ರಲ್ಲಿ ರಾಜನ ದೂತರು ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ನುಗ್ಗಿದರು. ಸರ್ಕಾರದ ವಿರುದ್ಧ ಬರೆಯುತ್ತಿದ್ದಾನೆ ಎಂಬುದು ಆತನ ಮೇಲಿದ್ದ ಆರೋಪ. ನಾಲ್ಕು ಗಂಟೆ ಕಾಲ ಪೆಟ್ಟಿಗೆ, ಬೀಗ ಒಡೆದು ಕಾಗದ ಪತ್ರಗಳನ್ನು ಹೊತ್ತೊಯ್ದರು. ಅವರ ಕೈಯಲ್ಲಿ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಸಹಿ ಮಾಡಿದ ವಾರಂಟ್ ಇತ್ತು. ಎಂಟಿಕ್ ಸುಮ್ಮನಿರಲಿಲ್ಲ, ದೂತರ ಮೇಲೆಯೇ ದಾವೆ ಹಾಕಿದ. ಇಂಥ ವಾರಂಟುಗಳು ಬಹಳ ಕಾಲದಿಂದ ನಡೆದುಬಂದಿವೆ, ರಾಜ್ಯದ ರಕ್ಷಣೆಗೆ ಬೇಕೇ ಬೇಕು ಎಂದು ಸರ್ಕಾರದ ಕಡೆಯವರು ವಾದಿಸಿದರು. 1765ರಲ್ಲಿ ಲಾರ್ಡ್ ಕ್ಯಾಮ್ಡೆನ್ ಕೊಟ್ಟ ಉತ್ತರ ಇದು: ಇದು ಕಾನೂನೇ ಆಗಿದ್ದರೆ ನಮ್ಮ ಪುಸ್ತಕಗಳಲ್ಲಿ ಸಿಗಬೇಕು, ಸಿಗದಿದ್ದರೆ ಇದು ಕಾನೂನಲ್ಲ.

ಆ ಮಾತಿನಲ್ಲಿ ಎಷ್ಟು ಧೈರ್ಯ ಇದೆ ನೋಡಿ. ಸಾಮಾನ್ಯ ಪ್ರಜೆ, ಕಾನೂನು ಬೇಡ ಅನ್ನದ ಯಾವ ಕೆಲಸವನ್ನಾದರೂ ಮಾಡಬಹುದು. ಆದರೆ ಮಂತ್ರಿಯೋ ಪೊಲೀಸರೋ ನಿಮ್ಮ ಮನೆಗೆ ಕಾಲಿಡಬೇಕಾದರೆ ಯಾವ ಕಾನೂನು ತಮಗೆ ಆ ಅಧಿಕಾರ ಕೊಟ್ಟಿದೆ ಎಂದು ಅವರೇ ತೋರಿಸಬೇಕು. "ಇದು ತುಂಬಾ ಅಗತ್ಯವಾಗಿತ್ತು" ಅಂದರೆ ಸಾಲದು.

ರಾಜನಿಗೂ ಇದೇ ನಿಯಮ. ಲಂಡನ್ನಿನಲ್ಲಿ ಹೊಸ ಕಟ್ಟಡ ಕಟ್ಟಬಾರದು, ಗೋಧಿಯಿಂದ ಗಂಜಿಪುಡಿ ಮಾಡಬಾರದು ಎಂದೆಲ್ಲ ಒಂದನೇ ಜೇಮ್ಸ್ ದೊರೆ ಘೋಷಣೆ ಹೊರಡಿಸಿದ್ದ. ಕಾನೂನು ಕೊಟ್ಟಷ್ಟು ಅಧಿಕಾರ ಮಾತ್ರ ರಾಜನಿಗಿದೆ ಎಂದು ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ 1610ರಲ್ಲಿ ಹೇಳಿದರು. ಅದು ಇಂದಿಗೂ ಜೀವಂತ ಕಾನೂನು. 2019ರಲ್ಲಿ ಬ್ರೆಕ್ಸಿಟ್ ಗಲಾಟೆಯ ನಡುವೆ ಪ್ರಧಾನಿ ಬೋರಿಸ್ ಜಾನ್ಸನ್ ರಾಣಿಗೆ ಸಲಹೆ ಕೊಟ್ಟು ಪಾರ್ಲಿಮೆಂಟನ್ನು ಐದು ವಾರ ಮುಚ್ಚಿಸಲು ಹೋದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಒಕ್ಕೊರಲಿನಿಂದ ಅದು ಅಕ್ರಮ ಎಂದರು. ಆ ತೀರ್ಪಿನಲ್ಲಿ ಕೋಕ್ ಅವರ ಆ ಹಳೆಯ ಕೇಸೂ ಇದೆ. ಸಂವಿಧಾನದ ಪುಸ್ತಕ ಇಲ್ಲದಿದ್ದರೂ ಪ್ರಧಾನಿಯನ್ನು ತಡೆಯಲು 400 ವರ್ಷದ ಹಿಂದಿನ ಮಾತು ಕೈಗೆ ಸಿಕ್ಕಿತು.

ಕ್ರಿಮಿನಲ್ ಕೇಸುಗಳಲ್ಲಿ ಮುಖ್ಯವಾದದ್ದು, ಅಪರಾಧ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ ಮೇಲಿದೆ ಎಂಬುದು. ಇದು ಗಟ್ಟಿಯಾಗಿ ನಿಂತದ್ದು 1935ರ ವುಲ್ಮಿಂಗ್ಟನ್ ಕೇಸಿನಲ್ಲಿ. 21 ವರ್ಷದ ಯುವಕ, ಬಿಟ್ಟುಹೋದ ಹೆಂಡತಿಯನ್ನು ನೋಡಲು ಬಂದೂಕು ಹಿಡಿದು ಹೋಗಿದ್ದ. ಗುಂಡು ಹಾರಿ ಆಕೆ ಸತ್ತಳು. ತಾನೇ ಸಾಯುತ್ತೇನೆ ಎಂದು ಹೆದರಿಸಲು ಹೋದಾಗ ಅದು ಆಕಸ್ಮಿಕವಾಗಿ ಹಾರಿತು ಎಂದು ಆತ ಹೇಳಿದ. ಆಕಸ್ಮಿಕ ಎಂದು ಅವನೇ ಸಾಬೀತು ಮಾಡಬೇಕು ಎಂದು ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳಲು ಕೂತ ಸಾಮಾನ್ಯ ಜನರಿಗೆ, ತಿಳಿಸಿದರು. ಮರಣದಂಡನೆಯಾಯಿತು. ಲಾರ್ಡ್ಸ್ ಅದನ್ನು ರದ್ದು ಮಾಡಿತು. ಜ್ಯೂರಿಯ ಮನಸ್ಸಿನಲ್ಲಿ ಸಕಾರಣವಾದ ಅನುಮಾನ ಉಳಿದರೆ ಆರೋಪಿಯನ್ನು ಬಿಡಲೇಬೇಕು. ಸತ್ತ ಆ ಹುಡುಗಿಗೆ ಬರೀ 17 ವರ್ಷ. ಕೇಸು ಓದಿದಾಗಲೆಲ್ಲ ಸಂಕಟವಾಗುತ್ತದೆ. ಆದರೂ ಆರೋಪಿಯ ಮೇಲೆ ಎಷ್ಟೇ ಸಿಟ್ಟು ಬಂದರೂ ನಿಯಮ ಬದಲಾಗಬಾರದು ಎಂದೇ ನಾನು ನಂಬುತ್ತೇನೆ.

ಈ ಜ್ಯೂರಿಯಲ್ಲಿ ಇರುವವರು ಊರಿನ 12 ಜನ ಸಾಮಾನ್ಯರು. 1670ರಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಎಂಬಿಬ್ಬರು ಲಂಡನ್ನಿನ ಬೀದಿಯಲ್ಲಿ ಧರ್ಮಬೋಧನೆ ಮಾಡಿದ್ದಕ್ಕೆ ವಿಚಾರಣೆ ನಡೆಯಿತು. ತಪ್ಪಿತಸ್ಥರು ಎನ್ನಲು ಜ್ಯೂರಿ ಒಪ್ಪಲಿಲ್ಲ. ಅನ್ನ ನೀರಿಲ್ಲದೆ ಕೂಡಿಹಾಕಿದರೂ ಬಗ್ಗಲಿಲ್ಲ. ದಂಡ ಹಾಕಿದರು. ಎಡ್ವರ್ಡ್ ಬುಶೆಲ್ ಎಂಬ ಸದಸ್ಯ ಕಟ್ಟಲು ಒಪ್ಪದೆ ಜೈಲಿಗೆ ಹೋದ. ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಆಮೇಲೆ ಅವನ ಕೇಸಿನಲ್ಲೇ ತೀರ್ಮಾನವಾಯಿತು. ಆ ಜ್ಯೂರಿಯ ನೆನಪಿನ ಫಲಕ ಓಲ್ಡ್ ಬೇಲಿ ಕೋರ್ಟಿನಲ್ಲಿ ಇಂದಿಗೂ ಇದೆ.

ಇನ್ನು ನನಗೆ ಕಷ್ಟವೆನಿಸುವ ತತ್ವ. ಅಲ್ಲಿ ಪಾರ್ಲಿಮೆಂಟೇ ಸರ್ವೋಚ್ಚ. ಅದು ಮಾಡಿದ ಕಾಯ್ದೆ ಎಷ್ಟೇ ಕೆಟ್ಟದಾಗಿರಲಿ, ಕೋರ್ಟು ರದ್ದು ಮಾಡುವಂತಿಲ್ಲ. 1998ರ ಕಾಯ್ದೆ ಬಂದ ಮೇಲೆ "ಇದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲ" ಎಂದು ಘೋಷಿಸಬಹುದು, ಅಷ್ಟೇ. ವಿದೇಶಿ ಭಯೋತ್ಪಾದನಾ ಶಂಕಿತರನ್ನು ವಿಚಾರಣೆಯಿಲ್ಲದೆ ಕೂಡಿಡುವ ಕಾಯ್ದೆಯ ಬಗ್ಗೆ 2004ರ ಡಿಸೆಂಬರಿನಲ್ಲಿ ಲಾರ್ಡ್ಸ್ ಹಾಗೆ ಘೋಷಿಸಿತು. ಮರುವರ್ಷ ಪಾರ್ಲಿಮೆಂಟ್ ಅದನ್ನು ಬದಲಾಯಿಸಿತು, ನಿಜ. ಆದರೆ ತೀರ್ಪು ಬಂದ ಕೂಡಲೇ ಜೈಲಿನ ಬಾಗಿಲು ತೆರೆಯಲಿಲ್ಲ. ಇಲ್ಲಿ ನಮ್ಮ ದಾರಿಯೇ ಬೇರೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಕೇಸಿನಲ್ಲಿ, 1973ರಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟ್ ಕೂಡ ಕೆಡಿಸುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಈ ಒಂದು ವಿಷಯದಲ್ಲಿ ನಮ್ಮದೇ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಇಷ್ಟು ಕೇಳಿದ ಮೇಲೆ ಜಾಣ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಹಳೆಯ ತೀರ್ಪೇ ತಪ್ಪಾಗಿದ್ದರೆ? 1966ರಲ್ಲಿ ಲಾರ್ಡ್ಸ್ ತನ್ನದೇ ಹಿಂದಿನ ತೀರ್ಪನ್ನು ಬೇಕಾದಾಗ ಬಿಡಬಹುದು ಎಂದು ಹೇಳಿಕೆ ಕೊಟ್ಟಿತು. ಆದರೆ ಅತಿ ದೊಡ್ಡ ಉದಾಹರಣೆ 1991ರದ್ದು. ಮದುವೆಯಾದ ಹೆಣ್ಣು ಒಮ್ಮೆ ಒಪ್ಪಿಗೆ ಕೊಟ್ಟಾಯಿತು, ಆದ್ದರಿಂದ ಗಂಡನ ಮೇಲೆ ಅತ್ಯಾಚಾರದ ಆರೋಪ ನಿಲ್ಲುವುದಿಲ್ಲ ಎಂದು 17ನೇ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿದ್ದರು. ಅವರು ಸತ್ತು 60 ವರ್ಷವಾದ ಮೇಲೆ, 1736ರಲ್ಲಿ ಅಚ್ಚಾದ ಆ ಒಂದು ಮಾತು ಎರಡೂವರೆ ಶತಮಾನ ಹೆಂಗಸರ ತಲೆಯ ಮೇಲೆ ಕೂತಿತ್ತು. 1991ರ ಅಕ್ಟೋಬರಿನಲ್ಲಿ ಲಾರ್ಡ್ಸ್ ಅದನ್ನು ಕಿತ್ತುಹಾಕಿತು. ಕಾಮನ್ ಲಾ ಕಾಲದ ಜೊತೆ ಬೆಳೆಯಬೇಕು, ಹೆಂಡತಿ ಈಗ ಗಂಡನಿಗೆ ಸಮಾನಳು ಎಂದಿತು. 1994ರಲ್ಲಿ ಪಾರ್ಲಿಮೆಂಟ್ ಅದನ್ನೇ ಕಾಯ್ದೆಯಲ್ಲಿ ಬರೆಯಿತು.

ನಮ್ಮಲ್ಲಿ ಅದೇ ವಿನಾಯಿತಿ ಇಂಗ್ಲಿಷರ ಕಾಲದ 1860ರ ದಂಡ ಸಂಹಿತೆಯಲ್ಲಿತ್ತು. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ, ಹೆಂಡತಿಗೆ 18 ತುಂಬಿರಬೇಕು ಎಂಬ ಷರತ್ತಿನೊಂದಿಗೆ, ಹಾಗೇ ಮುಂದುವರಿದಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಇಂಗ್ಲೆಂಡಿನ ನ್ಯಾಯಾಧೀಶರು ಮಾಡಿದ್ದನ್ನು ನಮ್ಮವರು ಯಾಕೆ ಅಷ್ಟು ಸುಲಭವಾಗಿ ಮಾಡಲಾಗುವುದಿಲ್ಲ? ಅಲ್ಲಿ ಆ ನಿಯಮ ಹುಟ್ಟಿದ್ದು ನ್ಯಾಯಾಧೀಶರ ಮಾತಿನಿಂದ, ನ್ಯಾಯಾಧೀಶರೇ ಅದನ್ನು ತೆಗೆದರು. ಇಲ್ಲಿ ಅದು ಕಾಯ್ದೆಯಲ್ಲೇ ಬರೆದಿದೆ. ಅದನ್ನು ತೆಗೆಯಬೇಕಾದರೆ ಪಾರ್ಲಿಮೆಂಟ್ ತಿದ್ದಬೇಕು, ಇಲ್ಲವೇ ಅದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಬೇಕು.