ಮರಿ ಸಿಕ್ಲಿಡ್‌ಗಳ ಗುರುತು: ಬಣ್ಣ ಬಿಡಿ, ಬಾಯಿ ನೋಡಿ

14 ಜುಲೈ 2024, ಭಾನುವಾರ

ಇವತ್ತು ಮಧ್ಯಾಹ್ನವೆಲ್ಲ ಮರಿಗಳ ಟ್ಯಾಂಕ್ ಮುಂದೆಯೇ ಕಳೆಯಿತು. ಎಲ್ಲವೂ ಸಿಕ್ಲಿಡ್ ಎಂಬ ಮೀನಿನ ಕುಟುಂಬದವು, ಅದರಲ್ಲೂ ಆಫ್ರಿಕಾದ ಮಲಾವಿ ಸರೋವರದ ಮರಿಗಳೇ ಜಾಸ್ತಿ. ಹೆಚ್ಚಿನವು ಮೂರು ನಾಲ್ಕು ಸೆಂಟಿಮೀಟರ್ ಉದ್ದ. 'ಮಿಕ್ಸೆಡ್ ಆಫ್ರಿಕನ್' ಅಂತ ಒಟ್ಟಿಗೆ ಸಿಗುವ ಈ ಮರಿಗಳಲ್ಲಿ ಯಾವುದು ಏನು ಅಂತ ಬಿಡಿಸಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ.

ಮೊದಲು ಹಳದಿ ಮರಿಗಳನ್ನು ನೋಡಿದೆ. ಹಳದಿ ಕಂಡ ಕೂಡಲೇ ಎಲ್ಲರೂ ಯೆಲ್ಲೋ ಲ್ಯಾಬ್ ಅಂತಾರೆ, ಅಂದರೆ ಲ್ಯಾಬಿಡೊಕ್ರೋಮಿಸ್ ಸೆರುಲಿಯಸ್. ಆದರೆ ಅದೇ ಸರೋವರದ ಇನ್ನೊಂದು ಜಾತಿ ರೆಡ್ ಜೀಬ್ರಾ, ಅದರ ಮರಿಯೂ ಚಿಕ್ಕದಿದ್ದಾಗ ಹಳದಿ-ಕಿತ್ತಳೆಯೇ. ಬಣ್ಣ ನೋಡಿ ಹೇಳಲು ಹೋದರೆ ಇಲ್ಲೇ ಎಡವುತ್ತೇವೆ. ಮುಖ ನೋಡಬೇಕು. ಲ್ಯಾಬ್‌ನ ಮೂತಿ ಸಣ್ಣಗೆ, ಚೂಪಾಗಿದೆ. ಬಂಡೆ ಸಂದಿಯಿಂದ ಪುಟ್ಟ ಹುಳುಗಳನ್ನು ಹೆಕ್ಕಿ ತಿನ್ನುವ ಬಾಯಿ ಅದು. ಜೀಬ್ರಾದ ಮುಖ ಮೊಂಡು, ಬಾಯಿ ಅಗಲ. ಅದು ಬಂಡೆಗೆ ಮುಖ ನೇರವಾಗಿ ಒತ್ತಿ ಪಾಚಿ ಕೆರೆಯುತ್ತದೆ. ಊಟ ಹಾಕುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ, ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಲ್ಯಾಬ್ ಬೆಳೆದಂತೆ ಬೆನ್ನಿನ ರೆಕ್ಕೆಯ ಉದ್ದಕ್ಕೂ ಕಪ್ಪು ಪಟ್ಟಿ ದಟ್ಟವಾಗುತ್ತದೆ. ಜೀಬ್ರಾಗೆ ಆ ಪಟ್ಟಿ ಇಲ್ಲ.

ಮೊಂಡು ಮುಖ, ಮಾಸಲು ಹಳದಿ, ಬೆನ್ನಿನ ರೆಕ್ಕೆಯಲ್ಲಿ ಅರೆಬರೆ ಕಪ್ಪು. ಇಂಥದ್ದು ಕಂಡರೆ ನನಗೆ ಮಿಶ್ರತಳಿಯ ಅನುಮಾನ ಬರುತ್ತದೆ. ಈ ಎರಡು ಜಾತಿಗಳು ಒಂದೇ ಟ್ಯಾಂಕಿನಲ್ಲಿ ಸುಲಭವಾಗಿ ಕೂಡುತ್ತವೆ. ಅವುಗಳ ಮರಿಗಳೂ ಮುಂದೆ ಮರಿ ಹಾಕುತ್ತವೆ. ಗುರುತು ಹಿಡಿಯುವುದರ ಬಗ್ಗೆ ನಾನು ಇಷ್ಟು ಪಟ್ಟು ಹಿಡಿಯುವುದು ಇದಕ್ಕೇ. ತಪ್ಪು ಹೆಸರಲ್ಲಿ ಒಂದು ಮೀನು ಕೈ ಬದಲಾಯಿಸಿದರೆ ಮುಂದಿನ ತಲೆಮಾರೆಲ್ಲ ಕಲಸಿಹೋಗುತ್ತದೆ. ಲ್ಯಾಬ್‌ನ ಆ ಹಳದಿ ಬಗೆ ಸರೋವರದ ವಾಯವ್ಯ ದಡದ ಲಯನ್ಸ್ ಕೋವ್ ಸುತ್ತ ಸಿಗುವಂಥದ್ದು. ಬೇರೆ ಕಡೆ ಅದೇ ಜಾತಿ ಬಿಳಿಯಾಗಿಯೋ ತಿಳಿ ನೀಲಿಯಾಗಿಯೋ ಇದೆ. ಅಂಥ ಮೀನನ್ನು ಕೆಡಿಸಬಾರದು ಅಲ್ವಾ?

ಬಣ್ಣ ನಂಬಬಾರದು ಅನ್ನುವುದಕ್ಕೆ ಕೆನ್ಯಿ ಎಂಬ ಮಲಾವಿ ಮೀನು ಇನ್ನೊಂದು ಸಾಕ್ಷಿ. ಮರಿಗಳೆಲ್ಲ ನೀಲಿ, ಮೇಲೆ ಬೆನ್ನಿಂದ ಹೊಟ್ಟೆಯತ್ತ ಇಳಿಯುವ ಕಡು ಅಡ್ಡಪಟ್ಟೆ. ದೊಡ್ಡದಾದಾಗ ಗಂಡು ಹಳದಿಯಾಗುತ್ತದೆ, ಹೆಣ್ಣು ನೀಲಿಯಾಗಿಯೇ ಉಳಿಯುತ್ತದೆ. ಈ ಕತೆ ಗೊತ್ತಿಲ್ಲದವರು ನೀಲಿ ಮೀನು ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಆಮೇಲೆ ಮಚ್ಚೆ ಮರಿಗಳು. ಇವು ನಿಂಬೊಕ್ರೋಮಿಸ್, ನನಗೆ ಅತಿ ಪ್ರೀತಿಯ ಗುಂಪು. ವೀನಸ್ಟಸ್, ಲಿವಿಂಗ್‌ಸ್ಟೋನಿ, ಪಾಲಿಸ್ಟಿಗ್ಮಾ, ಲಿನ್ನಿ, ನಾಲ್ಕಕ್ಕೂ ತಿಳಿ ಮೈ ಮೇಲೆ ದೊಡ್ಡ ಕಂದು ಮಚ್ಚೆಗಳಿವೆ. ಇವುಗಳನ್ನು ನಾನು ಎರಡು ಹೆಜ್ಜೆಯಲ್ಲಿ ಬೇರೆ ಮಾಡುತ್ತೇನೆ. ದೊಡ್ಡ ಮಚ್ಚೆಗಳ ನಡುವೆ ಸಣ್ಣ ಚುಕ್ಕಿಗಳು ಮೈ, ತಲೆ, ರೆಕ್ಕೆ ಎಲ್ಲ ಕಡೆ ಚೆಲ್ಲಿದ್ದರೆ ಅದು ಪಾಲಿಸ್ಟಿಗ್ಮಾ ಅಥವಾ ಲಿನ್ನಿ. ಚುಕ್ಕಿ ಇಲ್ಲದಿದ್ದರೆ ವೀನಸ್ಟಸ್ ಅಥವಾ ಲಿವಿಂಗ್‌ಸ್ಟೋನಿ. ಪಾಲಿಸ್ಟಿಗ್ಮಾ ಮತ್ತು ಲಿನ್ನಿ ನಡುವೆ ಮತ್ತೆ ಬಾಯಿಯೇ ಉತ್ತರ ಹೇಳುತ್ತದೆ. ಲಿನ್ನಿಯ ಮೂತಿ ಉದ್ದ, ಕೆಳಗೆ ಬಾಗಿದೆ. ಅದು ಗದ್ದವನ್ನು ಬಂಡೆ ಮೇಲಿಟ್ಟು ಕಾದು, ಸಂದಿಯಲ್ಲಿರುವ ಬೇರೆ ಮೀನಿನ ಮರಿಯನ್ನು ಒಂದೇ ಸಲಕ್ಕೆ ಹೀರಿಕೊಳ್ಳುತ್ತದೆ.

ವೀನಸ್ಟಸ್ ಮತ್ತು ಲಿವಿಂಗ್‌ಸ್ಟೋನಿ ಬಿಡಿಸುವುದು ಇನ್ನೂ ಕಷ್ಟ. ವೀನಸ್ಟಸ್ ಮೈಯಲ್ಲಿ ಹಳದಿ ಛಾಯೆ ಜಾಸ್ತಿ. ಗಂಡು ಬೆಳೆದಾಗ ಮುಖ ನೀಲಿ, ಹಣೆ ಮೇಲೆ ಹಳದಿ ಪಟ್ಟಿ. ಲಿವಿಂಗ್‌ಸ್ಟೋನಿಯನ್ನು ಅದರ ನಡತೆಯೂ ತೋರಿಸಿಕೊಡುತ್ತದೆ. ಅದು ತಳದಲ್ಲಿ ಪಕ್ಕಕ್ಕೆ ಒರಗಿ, ಸತ್ತ ಮೀನಿನ ಹಾಗೆ ಬಿದ್ದಿರುತ್ತದೆ. ಕೊಳೆತ ಮೀನು ಅಂದುಕೊಂಡು ಚಿಕ್ಕವು ಹತ್ತಿರ ಬಂದರೆ ಹಿಡಿಯುತ್ತದೆ. 1981ರಲ್ಲಿ ಕೆನ್ನೆತ್ ಮೆಕೇ ಎಂಬ ಸಂಶೋಧಕರು ಇದನ್ನು ಸರೋವರದಲ್ಲೇ ನೋಡಿ ದಾಖಲಿಸಿದರು. ಮರಿ ಹೀಗೆ ಮಲಗಿದ್ದನ್ನು ನೋಡಿ ಕಾಯಿಲೆ ಅಂತ ಔಷಧಿ ಸುರಿಯಬೇಡಿ. ಉಸಿರಾಟ, ಹಸಿವು ಸರಿಯಿದೆಯಾ ನೋಡಿ. ಇನ್ನೊಂದು ಮಾತು. ಈ ಮೀನುಗಳು 25 ಸೆಂಟಿಮೀಟರ್ ತನಕ ಬೆಳೆಯುತ್ತವೆ. ಲ್ಯಾಬ್ 10ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇವತ್ತು ಜೊತೆಗಿರುವ ಈ ಮರಿಗಳು ನಾಳೆ ಜೊತೆಗಿರಲಾರವು.

ಬೂದು ಮರಿಗಳ ವಿಷಯದಲ್ಲಿ ನಾನು ಕುಲದ, ಅಂದರೆ ಹತ್ತಿರದ ಜಾತಿಗಳ ಗುಂಪಿನ, ಹೆಸರಿಗೇ ನಿಲ್ಲುತ್ತೇನೆ. ಅಡ್ಡಪಟ್ಟೆ ಇದ್ದು, ಕಣ್ಣಿನ ಕೆಳಗೆ ಮತ್ತು ದವಡೆಯಲ್ಲಿ ದೊಡ್ಡ ರಂಧ್ರಗಳ ಸಾಲು ಕಂಡರೆ ಅದು ಪೀಕಾಕ್, ಅಂದರೆ ಔಲೊನೊಕಾರಾ. ಮರಳಿನಲ್ಲಿ ಅಡಗಿದ ಹುಳುಗಳ ಅಲುಗಾಟವನ್ನು ಆ ರಂಧ್ರಗಳಿಂದ ಪತ್ತೆ ಮಾಡುತ್ತದೆ. ಯಾವ ಪೀಕಾಕ್ ಅಂತ ಮರಿಯಲ್ಲಿ ಹೇಳಲಾಗದು. ಹೆಣ್ಣುಗಳನ್ನಂತೂ ದೊಡ್ಡದಾದರೂ ಬಿಡಿಸುವುದು ಕಷ್ಟ. ಅಡ್ಡಪಟ್ಟೆ ಬದಲು ಪಕ್ಕದಲ್ಲಿ ಮೂರು ಕಪ್ಪು ಚುಕ್ಕಿ ಇದ್ದರೆ ಒಟೊಫ್ಯಾರಿಂಕ್ಸ್ ಕುಲದ ಕಡೆ ಯೋಚಿಸಬೇಕು, ಓರೆ ಪಟ್ಟಿ ಇದ್ದರೆ ಮೈಲೊಕ್ರೋಮಿಸ್ ಕುಲದ ಕಡೆ. 1989ರಲ್ಲಿ ಎಕಲ್ಸ್ ಮತ್ತು ಟ್ರೆವಾವಸ್ ಎಂಬ ಮೀನು ತಜ್ಞರು ಈ ಸರೋವರದ ಮೀನುಗಳನ್ನು ಹೊಸದಾಗಿ ವಿಂಗಡಿಸಿದಾಗ ಇಂಥ ಕಪ್ಪು ಗುರುತುಗಳಿಗೇ ದೊಡ್ಡ ಬೆಲೆ ಕೊಟ್ಟರು. ಗಂಡಿನ ಬಣ್ಣ ಬಂದು ಹೋಗುತ್ತದೆ, ಈ ಗುರುತು ಮರಿಯಲ್ಲೂ ಹೆಣ್ಣಲ್ಲೂ ಇರುತ್ತದೆ.

ಪಕ್ಕದ ಟ್ಯಾಂಕಿನಲ್ಲಿ ಆಫ್ರಿಕಾದ ಇನ್ನೊಂದು ಸರೋವರ ಟಾಂಗಾನಿಕಾದ ಮರಿಗಳಿವೆ, ಅವುಗಳಲ್ಲಿ ಕೆಲಸ ಬೇಗ ಮುಗಿಯಿತು. ಅಲ್ಲಿನ ಒಂದೇ ಥರ ಕಾಣುವ ಎರಡು ಮೀನುಗಳಲ್ಲಿ ಇದು ಬ್ರಿಚಾರ್ಡಿಯೋ ಪಲ್ಚರೋ ಅಂತ ನೋಡಲು ಕಿವಿರಿನ ಮುಚ್ಚಳ ಸಾಕು. ಕಣ್ಣಿನಿಂದ ಹಿಂದಕ್ಕೆ ಹೋಗುವ ಮಲಗಿದ ಗೆರೆ ಒಂದು ನೆಟ್ಟಗೆ ನಿಂತ ಗೆರೆಗೆ ಸೇರಿದಂತಿದ್ದರೆ ಬ್ರಿಚಾರ್ಡಿ. ಎರಡು ಬಾಗಿದ ಗೆರೆಗಳು ಪಕ್ಕಪಕ್ಕ ನೆಟ್ಟಗೆ ನಿಂತಿದ್ದರೆ ಪಲ್ಚರ್. ಇವೆರಡೂ ಒಂದೇ ಜಾತಿ ಅನ್ನುವ ವಾದವೂ ಇದೆ. ಇರಲಿ, ನಾನಂತೂ ಬೇರೆಬೇರೆಯಾಗಿಯೇ ಸಾಕುತ್ತೇನೆ.

ಒಂದು ಎಚ್ಚರ. ಕಪ್ಪು ಪಟ್ಟೆಗಳು ಮೀನಿನ ಮನಸ್ಸಿನ ಜೊತೆ ನಿಮಿಷಗಳಲ್ಲಿ ಬದಲಾಗುತ್ತವೆ. ಹೆದರಿದ ಮರಿ, ಹೊಡೆಸಿಕೊಂಡ ಮರಿ, ಆಗತಾನೇ ದೀಪ ಹತ್ತಿಸಿದಾಗ ಕಾಣುವ ಮರಿ, ಒಂದೊಂದೂ ಒಂದೊಂದು ಥರ. ಬಲೆಯಲ್ಲಿ ಹಿಡಿದ ಕೂಡಲೇ ತೆಗೆದ ಫೋಟೊ ನೋಡಿ ಯಾರಿಗೂ ಹೆಸರು ಹೇಳಬೇಡಿ. ನಾನು ತೆಳ್ಳಗಿನ ಗಾಜಿನ ಡಬ್ಬಿಯಲ್ಲಿ ಟ್ಯಾಂಕಿನದೇ ನೀರು ತುಂಬಿಸಿ, ಮರಿ ಶಾಂತವಾಗುವ ತನಕ ಕಾದು, ಪಕ್ಕದಿಂದ ನೇರವಾಗಿ ಫೋಟೊ ತೆಗೆಯುತ್ತೇನೆ. ರೆಕ್ಕೆ ಪೂರ್ತಿ ಬಿಚ್ಚಿದ ಫೋಟೊ ಒಂದಾದರೂ ಬೇಕೇ ಬೇಕು.

ಅನುಮಾನದ ಹಳದಿ ಮರಿಗಳನ್ನು ಸಂಜೆಯೇ ಬೇರೆ ಟ್ಯಾಂಕಿಗೆ ಹಾಕಿದೆ. ಅವು ಅಲ್ಲೇ ಚೆನ್ನಾಗಿ ಬೆಳೆಯಲಿ. ಯಾರಿಗೂ ಕೊಡುವುದಿಲ್ಲ, ಮರಿ ಮಾಡಿಸುವುದೂ ಇಲ್ಲ. ಚುಕ್ಕಿ ಮರಿಗಳಲ್ಲಿ ಒಂದರ ಮೂತಿ ಕೊಂಚ ಕೆಳಗೆ ಬಾಗಿದೆ ಅನಿಸುತ್ತಿದೆ. ಲಿನ್ನಿ ಇರಬಹುದು. ಇನ್ನೆರಡು ಸೆಂಟಿಮೀಟರ್ ಬೆಳೆದ ಮೇಲೆ ಅದರ ಫೋಟೊ ಹಾಕುತ್ತೇನೆ.